ಚೇಚಿಯ ಮನೆಗೆ ಪೆಸಹಾ ಅಪ್ಪಂ

ನನಗೆ ಆನೆಯ ಹೆದರಿಕೆ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇಚಿಲಂಪಾಡಿ ಕಡೆಯ ರಬ್ಬರ್ ತೋಟದವರು ಆನೆಯ ಸುದ್ದಿ ಹೇಳುವಾಗ ಎಲ್ಲರೂ ಶೂರರೇ. ಒಬ್ಬರು ಪಟಾಕಿ ಸಿಡಿಸಿ ಓಡಿಸಿದ್ದು, ಇನ್ನೊಬ್ಬರು ಬೊಬ್ಬೆ ಹಾಕಿ ಹೊಳೆ ದಾಟಿಸಿದ್ದು. ನಾನು ಒಮ್ಮೆ ದನದ ಹಟ್ಟಿಯ ಹಿಂದೆ ಬಾಳೆ ಮುರಿಯುವ ಸದ್ದು ಕೇಳಿ ಮಂಚದ ಅಡಿಗೆ ಹೋಗಿದ್ದೆ. ನನ್ನ ಗಂಡ ಅದನ್ನು ಮದುವೆ ಮನೆಗಳಲ್ಲೆಲ್ಲ ಹೇಳುತ್ತಿದ್ದರು.

ತಮಾಷೆ ನಿಂತದ್ದು ನೆರೆಮನೆಯ ಯಜಮಾನರನ್ನು ಆನೆ ಕೊಂದ ಮೇಲೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಅವರ ರಬ್ಬರ್ ಮರಗಳು, ಅದಕ್ಕೆ ತಾಗಿ ಕಾಡು. ಬೆಳಕು ಹರಿಯುವ ಮೊದಲು ಮರ ಕೊರೆದರೆ ಹಾಲು ಚೆನ್ನಾಗಿ ಇಳಿಯುತ್ತದೆ, ಹಾಗಾಗಿ ತಲೆಗೆ ಲೈಟು ಕಟ್ಟಿಕೊಂಡು ಕತ್ತಲಲ್ಲೇ ಟ್ಯಾಪಿಂಗಿಗೆ ಹೋಗುವುದು ಎಲ್ಲರ ಕ್ರಮ. ದೀಪಾವಳಿ ಕಳೆದ ಹೊಸತರಲ್ಲಿ ಒಂದು ದಿನ ಹಾಗೆ ಹೋದವರು ಚಹಾದ ಹೊತ್ತಿಗೂ ಮನೆಗೆ ಬರಲಿಲ್ಲ. ಹುಡುಕಲು ಹೋದ ಅವರ ಹೆಂಡತಿಯೇ ಅವರನ್ನು ಮೊದಲು ನೋಡಿದ್ದು.

ಅವರ ಹೆಂಡತಿಯನ್ನು ನಾನು ಚೇಚಿ ಎಂದು ಕರೆಯುತ್ತೇನೆ. ನಾವು ಅಜ್ಜಂದಿರ ಕಾಲದಲ್ಲಿ ಕೇರಳದಿಂದ ಬಂದು ಇಲ್ಲಿ ನೆಲೆಸಿದ ಕ್ರೈಸ್ತರು, ಅಕ್ಕನಿಗೆ ಚೇಚಿ ಎನ್ನುತ್ತೇವೆ. ಮನೆಯ ಮಾತು ಮಲಯಾಳ, ಶಾಲೆಯಲ್ಲಿ ಕಲಿತದ್ದು ಕನ್ನಡ. ಇಲ್ಲಿ ಬರುವ ಮಾತುಗಳೆಲ್ಲ ಮಲಯಾಳದಲ್ಲಿ ಆಡಿದ್ದು, ನಮ್ಮ ಪೇಟೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸಾವಿನ ದಿನ ಚೇಚಿಯ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಲವತ್ತೊಂದನೆಯ ದಿನದ ಪ್ರಾರ್ಥನೆಯ ಊಟಕ್ಕೂ ಜನ ಬಂದರು. ಆಮೇಲೆ ಬರುವುದು ಕಡಿಮೆಯಾಯಿತು. ಯಾರಿಗೂ ಅವರ ಮೇಲೆ ಕೋಪ ಇರಲಿಲ್ಲ. ಆ ಗುಡ್ಡ ದಾಟಲು ಹೆದರಿಕೆ, ಅಷ್ಟೆ. ವಾರದ ಪ್ರಾರ್ಥನೆ ಮನೆಯಿಂದ ಮನೆಗೆ ಹೋಗುವಂಥದ್ದು. ಚೇಚಿಯ ಸರದಿ ಬಂದಾಗ "ಈ ಸಲ ಬೇರೆ ಮನೆಯಲ್ಲಿ ಇಡುವ" ಎಂದರು. ನಾನೂ ತಲೆ ಆಡಿಸಿದೆ.

ಒಂದು ಭಾನುವಾರ ನಮ್ಮ ಪಾದ್ರಿಗಳು, ನಾವು ಅಚ್ಚನ್ ಎಂದು ಕರೆಯುವವರು, ಪ್ರಸಂಗದಲ್ಲಿ, ಪ್ರೀತಿ ತುಂಬಿದ ಕಡೆ ಭಯಕ್ಕೆ ಜಾಗ ಇಲ್ಲ ಎಂದರು. ನನಗೆ ಸಿಟ್ಟು ಬಂತು. ಹಾಗಾದರೆ ಹೆದರುವ ನಮಗೆಲ್ಲ ಪ್ರೀತಿ ಇಲ್ಲವೆಂದೇ? ಹೊರಗೆ ಬರುವಾಗ ಅವರಿಗೆ ಹೇಳಿಯೇ ಬಿಟ್ಟೆ. "ಅಚ್ಚಾ, ನಿಮ್ಮ ಮನೆ ಮಾರ್ಗದ ಬದಿಯಲ್ಲಿ ಉಂಟು, ಸುತ್ತ ಕಂಪೌಂಡ್ ಗೋಡೆ ಉಂಟು." ಅವರು ನಕ್ಕು "ಅದೂ ಹೌದು" ಎಂದರು. ಒಳ್ಳೆಯ ಮನುಷ್ಯ.

ಹೀಗಿರುವಾಗ ಪೆಸಹಾ ಬಂತು, ಯೇಸುವಿನ ಕಡೆಯ ಊಟದ ನೆನಪಿನ ದಿನ. ಶುಭ ಶುಕ್ರವಾರದ ಹಿಂದಿನ ಸಂಜೆ ಇಗರ್ಜಿಯಿಂದ ಬಂದು ಮನೆಯಲ್ಲಿ ಅಕ್ಕಿ, ಉದ್ದಿನ ಹುಳಿ ಬರಿಸದ ಹಿಟ್ಟಿನಿಂದ ಅಪ್ಪಂ ಬೇಯಿಸುತ್ತೇವೆ. ಮನೆಯ ಯಜಮಾನ ಪ್ರಾರ್ಥನೆ ಮಾಡಿ ಅದನ್ನು ಮುರಿದು, ಬೆಲ್ಲ ಹಾಕಿದ ತೆಂಗಿನ ಹಾಲಿನ ಜೊತೆ ಎಲ್ಲರಿಗೂ ಕೊಡಬೇಕು. ಸಾವಾದ ಮನೆಯಲ್ಲಿ ಆ ವರ್ಷ ಅಪ್ಪಂ ಮಾಡುವುದಿಲ್ಲ. ಹೊರಗಿನವರು ತಂದು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಚೇಚಿಯ ಮೈದುನನ ಮನೆಯವರಿಗೆ ಜೀಪು ಇದೆ, ಅವರು ಕೊಂಡುಹೋಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಇಗರ್ಜಿಯಿಂದ ಹೊರಡುವಾಗ ಮೈದುನನ ಹೆಂಡತಿ ನನ್ನ ಕೈ ಹಿಡಿದು, "ಚೇಚಿಗೆ ನೀವು ಕೊಡ್ತೀರಲ್ಲ, ಹತ್ತಿರದವರು. ಸಮಾಧಾನ ಆಯ್ತು" ಎಂದು ಜೀಪು ಹತ್ತಿದಳು. ನನ್ನ ಬಾಯಿಂದ ಮಾತು ಹೊರಡುವಷ್ಟರಲ್ಲಿ ಜೀಪು ಗೇಟು ದಾಟಿತ್ತು.

ಮನೆಗೆ ಬಂದು ಎರಡು ಅಪ್ಪಂ ಬೇಯಿಸಿದೆ. ಪರಿಚಯದ ರಿಕ್ಷಾದವನಿಗೆ ಫೋನ್ ಮಾಡಿದರೆ, "ಸಂಜೆ ಮೇಲೆ ಆ ಕಡೆ ನಾನು ಬರುದಿಲ್ಲ ಮಾರಾಯ್ರೆ, ನನಗೂ ಮಕ್ಕಳುಂಟು" ಎಂದ.

"ನಾಳೆ ಬೆಳಿಗ್ಗೆ ಕೊಡುವ," ಎಂದರು ನನ್ನ ಗಂಡ. ಪುತ್ತೂರಿನಲ್ಲಿ ಮೊಣಕಾಲಿನ ಆಪರೇಷನ್ ಆಗಿ ಕೋಲು ಹಿಡಿದು ನಡೆಯುತ್ತಿದ್ದರು.

"ನಾಳೆ ಉಪವಾಸ. ಪೆಸಹಾ ಇವತ್ತೇ."

ಅವರು ಕೋಲು ಹುಡುಕಿದರು. "ನೀವು ಕೂತುಕೊಳ್ಳಿ," ಎಂದೆ. "ಆನೆ ಬಂದರೆ ನಿಮ್ಮನ್ನು ಹೊತ್ತುಕೊಂಡು ಓಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವರು ಅಪ್ಪಂ ಮುರಿದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ತಟ್ಟೆಯಲ್ಲೇ ಇಟ್ಟೆ. ಗುಡ್ಡದ ಆಚೆ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಪ್ರತಿ ಸದ್ದಿಗೂ ಬಾಗಿಲ ಕಡೆ ನೋಡುತ್ತಿರುತ್ತಾಳೆ ಎಂದು ಗೊತ್ತಿದ್ದೂ ತಿನ್ನುವುದು ಹೇಗೆ? ಇನ್ನೊಂದು ಅಪ್ಪಂ ಬಾಳೆಲೆಯಲ್ಲಿ ಕಟ್ಟಿ, ಹಾಲನ್ನು ಹಿಡಿ ಇರುವ ತೂಕುಪಾತ್ರೆಗೆ ಹಾಕಿ, ಟಾರ್ಚ್ ಹಿಡಿದು ಹೊರಟೆ. ದಾರಿಯಲ್ಲಿ ಜಪ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಆನೆಗೂ ರಿಕ್ಷಾದವನಿಗೂ ಬೈಯುತ್ತಾ ಹೋದೆ. ಗುಡ್ಡದ ತಲೆಯಲ್ಲಿ, ಚೇಚಿಯ ಗಂಡ ಬಿದ್ದಿದ್ದ ಜಾಗದಲ್ಲಿ ಹೆಜ್ಜೆ ಜೋರು ಮಾಡಿದೆ, ಹಾಲು ಸ್ವಲ್ಪ ಚೆಲ್ಲಿತು.

ಚೇಚಿ ಬಾಗಿಲು ತೆರೆದವರೇ ಬೈದರು. "ನಿನಗೆ ತಲೆ ಸರಿ ಉಂಟಾ? ಈ ಹೊತ್ತಲ್ಲಿ!" ಆಮೇಲೆ ಬಾಳೆಲೆಯ ಕಟ್ಟು ನೋಡಿದರು, ಅಲ್ಲೇ ಹೊಸ್ತಿಲಲ್ಲಿ ಕುಳಿತರು. "ಯಾರೂ ಬರುದಿಲ್ಲ ಅಂತ ಗ್ರಹಿಸಿದ್ದೆ. ಬಾರದಿದ್ರೂ ಎಂತ ಹೇಳ್ಲಿಕ್ಕೆ ಆಗ್ತದೆ? ನಾನೇ ಆದ್ರೂ ಬರ್ತಿರ್ಲಿಲ್ಲ."

ಒಳಗೆ ಮೇಜಿನ ಮೇಲೆ ತೊಳೆದ ಎಲೆಯೊಂದನ್ನು ಹಾಸಿಟ್ಟಿದ್ದರು. ಮುರಿಯಲು ಯಜಮಾನ ಇರಲಿಲ್ಲ. ಚೇಚಿ ತಾವೇ ಮುರಿದು ಮೊದಲ ತುಂಡನ್ನು ನನಗೆ ಕೊಟ್ಟರು. ಈ ಸಲ ತಿಂದೆ.

ಹೊರಟಾಗ ಚೇಚಿಯೂ ಟಾರ್ಚ್ ಹಿಡಿದರು. ಬೇಡವೆಂದರೂ ಕೇಳದೆ ಗುಡ್ಡದ ತಲೆಯವರೆಗೆ ಬಂದು, "ಇನ್ನು ಹೋಗು" ಎಂದರು. ನಾನು ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದೆ. ಅವರ ಬೆಳಕು ಮರಗಳ ನಡುವೆ ಒಂದೇ ಇಳಿಯುತ್ತಿತ್ತು. ನನ್ನಿಂದ ನೋಡಲಾಗಲಿಲ್ಲ. "ನಿಲ್ಲಿ ಚೇಚಿ, ಬಿಟ್ಟು ಬರ್ತೇನೆ" ಎಂದು ಹಿಂದೆಯೇ ಓಡಿದೆ. ಅವರ ಅಂಗಳ ಮುಟ್ಟಿದಾಗ ಅವರದು ಅದೇ ಹಟ. "ನೀನು ಒಬ್ಬಳೇ ಹೋಗುದಾ? ಅದೆಲ್ಲ ಆಗುದಿಲ್ಲ." ಇಬ್ಬರೂ ಮತ್ತೆ ಗುಡ್ಡ ಹತ್ತಿದೆವು.

ಹತ್ತುವಾಗ ನನಗೆ ಒಂದು ವಿಷಯ ಗೊತ್ತಾಯಿತು. ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದು ಈಗ ನನ್ನ ಜೀವದ ಬಗ್ಗೆ ಆಗಿರಲಿಲ್ಲ, ಚೇಚಿಯ ಬಗ್ಗೆ. ಯಾವಾಗ ಬದಲಾಯಿತೋ ಕಾಣೆ. ಸ್ವಂತದ ಹೆದರಿಕೆ ನನ್ನನ್ನು ತಿಂಗಳುಗಟ್ಟಲೆ ಬಾಗಿಲ ಒಳಗೆ ಕೂರಿಸಿತ್ತು. ಇದು ಆನೆ ಬರುವ ಗುಡ್ಡದಲ್ಲಿ ಓಡಾಡಿಸುತ್ತಿತ್ತು.

ಗುಡ್ಡದ ತಲೆಗೆ ಬಂದಾಗ ನಮ್ಮ ಮನೆಯ ಕಡೆಯಿಂದ ಡಬ್ಬ ಬಡಿಯುವ ಸದ್ದು ಕೇಳಿತು. ಗುಡ್ಡದ ತಲೆಯಲ್ಲಿ ಬೆಳಕು ಕಂಡು, ಮರೆಯಾಗಿ, ಮತ್ತೆ ಕಾಣುವುದನ್ನು ಜಗಲಿಯಿಂದ ನೋಡಿದ ನನ್ನ ಗಂಡ, ಆನೆ ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿದೆ ಎಂದು ತಿಳಿದು ಸೀಮೆಎಣ್ಣೆ ಡಬ್ಬ ಬಡಿಯುತ್ತಾ ಬೊಬ್ಬೆ ಹಾಕುತ್ತಿದ್ದರು. ನಮಗೆ ನಗು ತಡೆಯಲಾಗಲಿಲ್ಲ. ಆ ಜಾಗದಲ್ಲಿ ನಿಂತು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ನಗು ನಿಂತ ಮೇಲೆ "ನೀವಿನ್ನು ಹೋಗಿ" ಎಂದೆ. ಚೇಚಿ ಅಲುಗಲಿಲ್ಲ. ಟಾರ್ಚನ್ನು ನೆಲಕ್ಕೆ ಹಿಡಿದಿದ್ದರು.

"ಆ ದಿನ ಅವರೊಟ್ಟಿಗೆ ಯಾರೂ ಇರ್ಲಿಲ್ಲ," ಎಂದರು. "ಇಲ್ಲಿಂದ ನಿನ್ನನ್ನು ಒಬ್ಬಳೇ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಾನು ಅವರ ಕೈ ಹಿಡಿದು ನಮ್ಮ ಮನೆಗೆ ಕರೆದುಕೊಂಡು ಬಂದೆ. ರಾತ್ರಿ ನನ್ನ ಪಕ್ಕದಲ್ಲೇ ಮಲಗಿದರು.

ಬೇಸಿಗೆಯ ಬಿಡುವು ಮುಗಿದು ಮಳೆ ಶುರುವಾದ ಮೇಲೆ, ಗಂಡ ಹೋದಂದಿನಿಂದ ನಿಂತಿದ್ದ ಚೇಚಿಯ ತೋಟದಲ್ಲೂ ಟ್ಯಾಪಿಂಗ್ ಶುರುವಾಯಿತು. ಈಗ ನಾವಿಬ್ಬರೂ ಒಟ್ಟಿಗೇ ಹೋಗುತ್ತೇವೆ, ಒಂದು ದಿನ ಅವರ ಮರ, ಒಂದು ದಿನ ನಮ್ಮದು. ಆನೆ ಬರುವುದು ನಿಂತಿಲ್ಲ. ಚೇಚಿ ಬಗ್ಗಿ ಮರ ಕೊರೆಯುವಾಗ ನಾನು ಅವರಿಗೆ ಬೆನ್ನು ಕೊಟ್ಟು, ಕಾಡಿನ ಕಡೆಗೆ ಮುಖ ಮಾಡಿ, ಹೆದರಿಕೊಂಡೇ ನಿಂತಿರುತ್ತೇನೆ.