ಎರಡು ಸಲ ಕೂಗಿಸಿಕೊಂಡ ಹೆಸರು

ನಮ್ಮ ಕಾಲೇಜಿನ ಫುಟ್‌ಬಾಲ್ ಹುಡುಗರು ತರಗತಿಯಲ್ಲಿ ಟೋಪಿ ತೆಗೆದು ಮೊದಲ ಎರಡು ಸಾಲಿನಲ್ಲೇ ಕೂರಬೇಕು. ಇದು ನನ್ನ ಕಟ್ಟಳೆ. ಆಟಗಾರರ ಓದು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ವರ್ಷವೇ ಇದನ್ನು ಜಾರಿಗೆ ತಂದೆ. ಬಾಗಿಲ ಗಾಜಿನಲ್ಲಿ ಇಣುಕುತ್ತೇನೆ. ಹಿಂದಿನ ಬೆಂಚಿನಲ್ಲಿ ತೂಕಡಿಸುವವನು ಕಂಡರೆ ಮಾರನೆಯ ಬೆಳಗಿನ ಜಾವ ಅವನು ಮೈದಾನ ಸುತ್ತಬೇಕು. ಇಡೀ ಮಿಸಿಸಿಪ್ಪಿಯಲ್ಲಿ ನನ್ನನ್ನು ಬೈಯದ ಆಟಗಾರನಿಲ್ಲ. ಬೈದುಕೊಳ್ಳಲಿ.

ಟ್ರೆವೆಲ್ ಪಿಕೆಟ್ ಬಂದಾಗ ಮಾತ್ರ ದೂರು ಬೇರೆ ಕಡೆಯಿಂದ ಬಂತು. ಅವನ ಜೊತೆ ನರ್ಸಿಂಗ್ ಓದುವ ಹುಡುಗಿಯರು ನನ್ನ ಕೋಣೆಗೆ ನುಗ್ಗಿದರು.

"ಮಿಸ್ ವರ್ಲೀನ್, ಅವನು ಮುಂದೆ ಕೂತ್ರೆ ನಮಗೆ ಬೋರ್ಡೇ ಕಾಣಲ್ಲ. ಗೋಡೆ ಇದ್ದಂಗಿದಾನೆ!"

"ಹಾಗಾದ್ರೆ ನೀವೂ ಮುಂದೆ ಬಂದು ಕೂತ್ಕೊಳ್ರಮ್ಮ," ಎಂದೆ.

ನಮ್ಮ ಅಮೆರಿಕದ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ; ಅದರಲ್ಲಿ ಅವನು ಸೆಂಟರ್. ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಕಾಲಸಂದಿಯಿಂದ ಚೆಂಡನ್ನು ಹಿಂದಿರುವವನ ಕೈಗೆ ಕೊಟ್ಟು, ಮರುಕ್ಷಣ ಮೈಮೇಲೆ ನುಗ್ಗುವವರನ್ನು ತಡೆಯುವವನು. ಅವನ ಎಡಬಲಕ್ಕೆ ಇಬ್ಬಿಬ್ಬರು. ಹಿಂದಿರುವವನಿಗೆ ಪೆಟ್ಟು ಬೀಳದ ಹಾಗೆ ಕಾಯುವುದೇ ಈ ಐವರ ಕೆಲಸ. ಚೆಂಡು ಹಿಡಿದು ಓಡುವವನ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಇವರ ಹೆಸರನ್ನು ಯಾರೂ ಕೂಗುವುದಿಲ್ಲ. ತಪ್ಪು ಮಾಡಿದರೆ ಬೆನ್ನ ಮೇಲಿನ ಅಂಕಿ ಹೇಳುತ್ತಾರೆ, ಅಷ್ಟೇ.

ಅವನನ್ನು ಸಾಕಿದ ಅಜ್ಜಿ ಒಡೆಸ್ಸಾಗೆ ಇದರಿಂದ ಹೊಟ್ಟೆಯುರಿ. ಪ್ರತಿ ಶನಿವಾರ ನೇರಳೆ ಬಣ್ಣದ ಟೋಪಿ ಹಾಕಿಕೊಂಡು, ಹುಡುಗರಿಗೆಲ್ಲ ಬೆಣ್ಣೆ ಕೇಕ್ ಕಟ್ಟಿಕೊಂಡು ಬರುತ್ತಿದ್ದಳು.

"ಆ ಮೈಕಲ್ಲಿ ಒಂದ್ಸಲ ನನ್ ಮೊಮ್ಮಗನ ಹೆಸರು ಕೇಳ್ಬೇಕು ವರ್ಲೀನ್. ಕೇಳ್ದೆ ಸಾಯಲ್ಲ ನಾನು."

ಕೊನೆಯ ವರ್ಷ ಆ ಗಳಿಗೆ ಬಂತು. ನಮ್ಮ ಲೀಗಿನ ಕಾಲೇಜುಗಳಲ್ಲೆಲ್ಲ ಆಟದ ಜೊತೆ ಓದಿನಲ್ಲೂ ಮೇಲುಗೈ ಸಾಧಿಸಿದವನೆಂದು ಟ್ರೆವೆಲ್‌ಗೆ ಪದಕ. ಬೆಳಿಗ್ಗೆ ಆಸ್ಪತ್ರೆಯಲ್ಲಿ ರೋಗಿಗಳ ನಾಡಿ ಹಿಡಿದು, ಸಂಜೆ ಅಭ್ಯಾಸದಲ್ಲಿ ಗುದ್ದಾಡಿ ಗಳಿಸಿದ್ದು. ನಾನು ಬೀಗಿದ್ದು ಸುಳ್ಳಲ್ಲ. ಆದರೆ ಪದಕ ಕೊಡುವುದು ಪಂದ್ಯದ ವಿರಾಮದಲ್ಲಿ, ಮೈದಾನದ ಮಧ್ಯೆ. ಈಜುವವರು, ಓಟದವರು ಮನೆಯವರ ಜೊತೆ ಬಂದು ಹೆಸರು ಕೂಗಿಸಿಕೊಂಡು ಹೋಗುತ್ತಾರೆ. ಫುಟ್‌ಬಾಲ್ ಹುಡುಗರು ಆ ಹೊತ್ತಿನಲ್ಲಿ ಒಳಗೆ ಕೋಚ್ ಕೈಲಿ ಬೈಸಿಕೊಳ್ಳುತ್ತಿರುತ್ತಾರೆ. ಬಾರದವರ ಹೆಸರನ್ನು ಕೂಗುವುದಿಲ್ಲ. ಪದಕ ಸೋಮವಾರ ನನ್ನ ಮೇಜಿಗೆ ಬರುತ್ತದೆ. ಈ ಏರ್ಪಾಡು ಮಾಡಿದ ಪುಣ್ಯಾತ್ಮ ಯಾರೋ!

ಟ್ರೆವೆಲ್‌ನನ್ನು ಆ ಹೊತ್ತು ಹೊರಗೆ ಬಿಡು ಎಂದು ಈ ಐವರ ಸಾಲನ್ನು ಪಳಗಿಸುವ ಕೋಚ್ ರಡ್‌ನನ್ನು ಕೇಳಿದೆ.

"ಆಗಲ್ಲ ವರ್ಲೀನ್. ವಿರಾಮದಲ್ಲೇ ನಾವು ತಪ್ಪು ತಿದ್ಕೊಳೋದು. ಸೆಂಟರ್ ಇಲ್ದೆ ಯಾರಿಗೆ ಹೇಳ್ಲಿ, ಗೋಡೆಗಾ?"

"ಅವನೇ ಗೋಡೆ ಕಣಯ್ಯಾ!" ಎಂದು ರೇಗಿ ಬಂದೆ.

ಆ ಶನಿವಾರ ಮೊದಲರ್ಧದಲ್ಲಿ ನಮಗೆ ಸರಿಯಾಗಿಯೇ ಬಿತ್ತು. ಎದುರಾಳಿಯ ದಢೂತಿಯೊಬ್ಬ ಮತ್ತೆ ಮತ್ತೆ ಸಾಲು ಮುರಿದು ನುಗ್ಗಿದ. ವಿರಾಮಕ್ಕೆ ತಂಡವೆಲ್ಲ ತಲೆ ತಗ್ಗಿಸಿ ಒಳಗೆ ಓಡಿತು. ಒಡೆಸ್ಸಾಳ ಕೈ ಹಿಡಿದು ನಾನು ಅಂಚಿನಲ್ಲಿ ನಿಂತಿದ್ದೆ. ಟ್ರೆವೆಲ್ ಮಾತ್ರ ತನ್ನ ಸಾಲಿನ ನಾಲ್ವರನ್ನೂ ತಡೆದು ಒಳಕೋಣೆಯ ಬಾಗಿಲ ಬಳಿ ನಿಂತುಬಿಟ್ಟ.

"ಸರ್, ಆಟ ಬರೆದು ತೋರ್ಸೋ ಬೋರ್ಡ್ ಇಲ್ಲಿಗೇ ತನ್ನಿ."

"ತಲೆ ಕೆಟ್ಟಿದ್ಯೇನೋ?" ರಡ್ ಗುಡುಗಿದ.

"ಆ ದಢೂತಿ ಬಲಗಾಲು ಹಿಂದಿಟ್ರೆ ಎಡಕ್ಕೇ ನುಗ್ತಾನೆ. ಮೊದಲಿಂದ ನೋಡ್ತಿದೀನಿ. ನಾನೂ ನನ್ ಪಕ್ಕದ ಹಾಲಿಸೂ ಸೇರಿ ಅವನೊಬ್ಬನ್ನೇ ಹಿಡೀತೀವಿ. ಇಷ್ಟೇ ಸರ್ ಮಾತು. ನಾವೈದೂ ಜನ ಇಲ್ಲೇ ಇರ್ತೀವಿ, ಇಲ್ಲೇ ಹೇಳಿ."

ಎಷ್ಟು ನೆಮ್ಮದಿಯ ದನಿ! ಜ್ವರ ಇಳಿದಿದೆ ಎಂದು ರೋಗಿಗೆ ಹೇಳುವ ಹಾಗೆ ಹೇಳಿದ. ರಡ್ ಅವನನ್ನು ನೋಡಿದ, ಆ ನೇರಳೆ ಟೋಪಿಯನ್ನೂ ನೋಡಿದ.

"ಕೇಕಿನ ಋಣ ಕಣೋ," ಎಂದು ಗೊಣಗಿ ಬೋರ್ಡ್ ತರಿಸಿದ.

ಹುಲ್ಲಿನ ಮೇಲೇ ಕೂತು ತಿದ್ದಿಕೊಂಡರು. ಪದಕಕ್ಕೆ ಕರೆ ಬಂದಾಗ ಟ್ರೆವೆಲ್ ಅಜ್ಜಿಯ ಜೊತೆ ನಡೆದ. ಉಳಿದ ನಾಲ್ವರೂ ಎದ್ದು ಹೊರಟರು. ಯಾರೂ ಹೇಳಿಕೊಡಲಿಲ್ಲ, ಆದರೂ ಅವನ ಎಡಕ್ಕಿಬ್ಬರು, ಬಲಕ್ಕಿಬ್ಬರು ತಮ್ಮ ತಮ್ಮ ಜಾಗದಲ್ಲೇ ಒತ್ತಾಗಿ ನಿಂತರು. ಅಜ್ಜಿ ಹಿಂದೆ ಸಿಕ್ಕಿಹಾಕಿಕೊಂಡಳು.

"ಅಜ್ಜಿ ಕಾಣ್ತಿಲ್ಲ, ಮುಂದೆ ಕಳಿಸ್ರಪ್ಪಾ!" ಎಂದು ಫೋಟೊದವನು ಕೂಗಿದ.

"ನಾವು ಯಾರನ್ನ ಕಾಯ್ತೀವೋ ಅವ್ರು ನಮ್ ಹಿಂದೇನೇ ಇರೋದು ಸಾರ್," ಎಂದ ಹಾಲಿಸ್, ಸಹಜವಾಗಿ.

ಅಷ್ಟರಲ್ಲಿ ಮೈಕು ಹಿಡಿದವನು ಕೂಗಿಯೇಬಿಟ್ಟ: "ಟ್ರೆವೆಲ್ ಪಿಕೆಟ್!"

ಮೈದಾನ ಮೊಳಗಿತು. ಹಿಂದಿನಿಂದ ದೊಡ್ಡದೊಂದು ಬಿಕ್ಕು ಕೇಳಿಸಿತು, ಆಮೇಲೆ ಗದರುವ ದನಿ: "ಏನಪ್ಪಾ, ನಾನು ಅಳ್ತಾ ಇದ್ದೆ, ಪೂರ್ತಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು!"

ಮೈಕಿನವನು ಇನ್ನೊಮ್ಮೆ ಕೂಗಿದ. ನಾನೂ ಅತ್ತೆ, ಅದರಲ್ಲೇನು ನಾಚಿಕೆ?

ಪಂದ್ಯ ಗೆದ್ದೆವು. ಆ ದಢೂತಿ ಮತ್ತೆ ನಮ್ಮ ಸಾಲು ದಾಟಿ ಒಳಗೆ ಕಾಲಿಡಲಿಲ್ಲ. ಟ್ರೆವೆಲ್ ಈಗ ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸ್; ಅವನು ಸೂಜಿ ಹಿಡಿದು ಬಂದರೆ ಮಕ್ಕಳು ಮೊದಲು ಹೆದರಿ, ಆಮೇಲೆ ಅವನ ಹೆಗಲೇರುತ್ತವೆ. ಒಡೆಸ್ಸಾಳ ಮನೆಯ ಗೋಡೆಯಲ್ಲಿ ಆ ಫೋಟೊ ಇದೆ. ಐವರು ದೈತ್ಯರು, ಅವರ ನಡುವೆ ನೇರಳೆ ಟೋಪಿಯ ಒಂದು ಚೂರು.

"ನೀನು ಕಾಣೋದೇ ಇಲ್ವಲ್ಲೇ," ಎಂದೆ ಒಮ್ಮೆ.

"ಮತ್ತೆ?" ಎಂದಳು ಒಡೆಸ್ಸಾ. "ಒಬ್ಬನಾದ್ರೂ ನನ್ನ ಮುಟ್ಟೋಕಾಯ್ತಾ ನೋಡು!"