ಈರುಳ್ಳಿ ಬುಟ್ಟಿ ಮತ್ತು ವೀಸಾ

ಆರ್.ಟಿ. ನಗರದ ಆ ಗಲ್ಲಿಯಲ್ಲಿ ಬ್ಲೌಸ್ ಹೊಲಿಯುವ ಮಲ್ಕಾಳ ಬಾಯಿಗೆ ಹೆದರದವರಿಲ್ಲ. ಆದರೆ ಮನೆಗೆ ಬಂದವರು ತಾವು ಕುಡಿದ ಲೋಟ ಎತ್ತಿಡಲು ಹೋದರೂ ಅವಳು ಬಿಡುವವಳಲ್ಲ. ಅತಿಥಿ ಕೈಲಿ ಕೆಲಸ ಮಾಡಿಸಿದರೆ ಮನೆಯ ಬರಕತ್ತು ಹೋಗುತ್ತದೆ ಅನ್ನುವುದು ಅವಳ ಅತ್ತೆ ಹೇಳಿಕೊಟ್ಟ ಮಾತು.

ಅವಳ ಗಂಡ ಖುದ್ದೂಸ್ ಪರೋಟ ಮಾಸ್ಟರ್. ದುಬೈನ ಒಂದು ಹೋಟೆಲಿನಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ಬೀಳ್ಕೊಡುಗೆಯ ಬಿರಿಯಾನಿಗೆ ಮಲ್ಕಾ ಈರುಳ್ಳಿ ಹೆಚ್ಚುತ್ತ ಕೂತಿದ್ದಾಗ ಏಜೆಂಟ್ ಮುನ್ನಾ ವೀಸಾ ತಂದ. ಅವನಿಗೆ ಚಹಾ ಕೊಟ್ಟು ಅವಳು ಕಾಗದ ಓದಿದಳು. ಅದು ವಿಸಿಟ್ ವೀಸಾ.

"ಇದರಲ್ಲಿ ಕೆಲಸ ಮಾಡೋ ಹಾಗಿಲ್ವಲ್ಲ?"

"ಅದೆಲ್ಲ ಏನಾಗಲ್ಲ ಆಪಾ. ಗೆಸ್ಟ್ ಥರ ಹೋಗಿ ಕೆಲಸ ಶುರು ಮಾಡ್ಲಿ. ಪರ್ಮಿಟ್ ಆಮೇಲೆ ಮಾಡಿಸ್ಕೊಡ್ತಾರೆ."

ಮಲ್ಕಾ ಈರುಳ್ಳಿ ಬುಟ್ಟಿಯನ್ನು ಅವನ ಮುಂದೆ ತಳ್ಳಿ ಚಾಕು ಕೊಟ್ಟಳು. "ಇದಿಷ್ಟೂ ಹೆಚ್ಚಿಬಿಡು."

ಮುನ್ನಾ ಕಕ್ಕಾಬಿಕ್ಕಿಯಾದ. "ಆಪಾ, ನಾನು ಗೆಸ್ಟ್ ಅಲ್ವಾ?"

"ನಮ್ಮನೆಯವರೂ ಅಲ್ಲಿ ಗೆಸ್ಟೇ ತಾನೇ. ಗೆಸ್ಟ್ ಕೈಲಿ ಹಿಟ್ಟು ನಾದಿಸ್ತಾರಂತಾ?"

ಮುನ್ನಾ ಆ ವೀಸಾವನ್ನು ವಾಪಸ್ ಒಯ್ದ. ದುಬೈ ಪ್ರಯಾಣ ನಿಂತರೂ ಬಿರಿಯಾನಿಯೇನೂ ನಿಲ್ಲಲಿಲ್ಲ. ಬೀಳ್ಕೊಡಲು ಬಂದ ಗಲ್ಲಿಯವರಿಗೆಲ್ಲ ಖುದ್ದೂಸನೇ ನಗುತ್ತ ಬಡಿಸಿದ.

ಮಳೆಗಾಲ ಕಳೆದ ಮೇಲೆ ಮುನ್ನಾ ಮತ್ತೆ ಬಂದ. ಈ ಸಲ ತಂದಿದ್ದು ಕೆಲಸದ ವೀಸಾ, ಜೊತೆಗೆ ಹೋಟೆಲಿನವರು ಸಹಿ ಹಾಕಿದ ಕರಾರು. ಮಲ್ಕಾ ಒಂದೊಂದೇ ಸಾಲು ಓದಿ ಮುಗಿಸಿ ತಲೆಯೆತ್ತಿದರೆ, ಮುನ್ನಾ ಯಾರೂ ಹೇಳದೆಯೇ ಬುಟ್ಟಿ ಎಳೆದುಕೊಂಡು ಕಣ್ಣೀರು ಸುರಿಸುತ್ತ ಈರುಳ್ಳಿ ಹೆಚ್ಚುತ್ತಿದ್ದ.

ಅವಳು ಅವನ ಕೈಯಿಂದ ಚಾಕು ಕಿತ್ತುಕೊಂಡಳು. "ಬಿಡೋ, ಇವತ್ತು ನೀನು ಗೆಸ್ಟು."