ಅತ್ತೆಯ ಜೊತೆ ಹೋದ ಪುಸ್ತಕ

ಅತ್ತೆ ಲಿಂಗೈಕ್ಯರಾದ ದಿನ ಅವರ ಪುರಾಣದ ಪುಸ್ತಕವನ್ನೂ ಅವರ ಜೊತೆಗೇ ಮಣ್ಣಿಗೆ ಕೊಟ್ಟೆವು. ಹಾಗೆ ಮಾಡಬೇಕೆಂದು ಅವರೇ ಹೇಳಿಟ್ಟಿದ್ದರು.

ಸೇಡಂನಲ್ಲಿ ನಮ್ಮದು ಸಣ್ಣ ಕಿರಾಣಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ರದ್ದಿ ಪೇಪರಿನಲ್ಲಿ ಜೀರಿಗೆ, ಸಾಸಿವೆ ಕಟ್ಟಿ ಕೊಡುವುದನ್ನು ಅತ್ತೆ ಮದುವೆಯಾಗಿ ಬಂದಾಗಿನಿಂದ ನೋಡಿದ್ದರು. ಮಕ್ಕಳ ಶಾಲೆಯ ಪುಸ್ತಕ, ಲಗ್ನಪತ್ರಿಕೆ, ತೀರಿಕೊಂಡವರ ಫೋಟೊ ಇದ್ದ ಪೇಪರು, ಎಲ್ಲವೂ ಒಂದು ದಿನ ತಕ್ಕಡಿಯ ಪಕ್ಕಕ್ಕೇ ಬರುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

“ನನ್ನ ಪುಸ್ತಕದಾಗ ಯಾರರೆ ಖಾರಪುಡಿ ಕಟ್ಟಿದ್ರ ನನ್ನ ಜೀವ ಇಲ್ಲೇ ತಿರುಗಾಡ್ತದ ನೋಡ್ರಿ,” ಎನ್ನುತ್ತಿದ್ದರು. “ಹಾಳಿ ಎಲ್ಲಾ ಬಿಚ್ಯಾವ. ನನ್ನ ಜೋಡಿನೇ ಇಟ್ಟುಬಿಡ್ರಿ. ನೀವು ಹೊಸಾದು ತರ್ರಿ. ಈಗಿನ ಛಾಪಾ ಭಾಳ ಚಂದ ಇರ್ತಾವ, ಅಕ್ಷರ ದೊಡ್ಡವು.”

ಮಠದ ಅಯ್ಯನವರು ಅತ್ತೆಯನ್ನು ಸಮಾಧಿಯ ಗುಣಿಯಲ್ಲಿ ಕೂಡಿಸಿ, ಪತ್ರಿ ಏರಿಸಿ, ವಿಭೂತಿ ಹಾಕಿದ ಮೇಲೆ ನನ್ನ ಗಂಡ ಪುಸ್ತಕವನ್ನು ಬಿಳಿ ಅರಿವೆಯಲ್ಲಿ ಸುತ್ತಿ ತೊಡೆಯ ಬದಿಗೆ ಇಟ್ಟರು. ಶ್ರಾವಣದ ಸಂಜೆ ಓದಲಿಕ್ಕೆ ಕೂತ ಹಾಗೆಯೇ ಇದ್ದರು ಅತ್ತೆ.

ನಮ್ಮ ಓಣಿಯಲ್ಲಿ ಶ್ರಾವಣ ಮಾಸ ಪೂರ್ತಿ ನಮ್ಮ ಪಡಸಾಲೆಯಲ್ಲೇ ಪುರಾಣ. ಶರಣರ ಕಥೆಗಳಿರುವ ದಪ್ಪ ಪುಸ್ತಕ, ಒಬ್ಬರು ಓದುವುದು, ಉಳಿದ ಹೆಂಗಸರು ಪರ್ಸಿ ಕಲ್ಲಿನ ನೆಲದ ಮೇಲೆ ಕೂತು ಕೇಳುವುದು. ಓದುವವರು ಅತ್ತೆ. ದೀಪ ಹಚ್ಚುವುದು, ಪುಸ್ತಕದ ಪೀಠ ಒರೆಸುವುದು, ಕೊನೆಗೆ ಚುರುಮುರಿ ಹಂಚುವುದು ನನ್ನ ಕೆಲಸ. ನಾನು ಅಡುಗೆಮನೆಯ ಬಾಗಿಲಲ್ಲಿ ತೊಗರಿಬೇಳೆ ಆರಿಸುತ್ತ ಕೇಳುತ್ತಿದ್ದೆ. ಅವರ ಓದು ನೀರು ಇಳಿದ ಹಾಗೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು, ಎಲ್ಲಿ ಸೇರಬೇಕೋ ಅಲ್ಲಿ ಸೇರುತ್ತಿತ್ತು. ಅದು ಹಾಗೇ ಇರುವಂಥದ್ದು ಎಂದುಕೊಂಡಿದ್ದೆ. ಗಾಳಿ ಇದೆ ಎಂದು ಯಾರು ಲೆಕ್ಕ ಇಡುತ್ತಾರೆ?

ಮುಂದಿನ ಶ್ರಾವಣಕ್ಕೆ ಓಣಿಯವರು, “ಇನ್ನ ನೀನೇ ಓದವ್ವ,” ಎಂದರು. ಗಂಡ ಕಲಬುರಗಿಗೆ ಮಾಲು ತರಲು ಹೋದಾಗ ಹೊಸ ಪುಸ್ತಕ ತಂದರು. ರಟ್ಟಿಗೆ ಬಂಗಾರದ ಅಕ್ಷರ, ಒಳಗೆ ಕೆಂಪು ರಿಬ್ಬನ್ನು. ಅಂಗಡಿಗೆ ಬಂದ ಗಿರಾಕಿಗಳೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾವು ಅದನ್ನು ಮಡಿ ಅರಿವೆಯ ಮೇಲಿಟ್ಟು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆರತಿ ಮಾಡಿದೆವು. ಒಂದು ಹಾಳೆಯನ್ನೂ ತೆಗೆದು ನೋಡಲಿಲ್ಲ. ಪೂಜೆ ಆದ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಪೆನ್ನು ತಾಗಿಸುವುದಿಲ್ಲ. ಅದು ಅತ್ತೆ ಹಾಕಿದ ಕಟ್ಟುಪಾಡು.

ಮೊದಲ ಸಂಜೆಯೇ ಎಡವಿದೆ. ಶರಣೆ ‘ಬಂದನು’, ಶರಣ ‘ಉಂಡಳು’. ಒಂದು ವಾಕ್ಯ ಹೊರಟಿತು, ಮುಗಿಯಲೇ ಇಲ್ಲ, ನಡುವೆ ಚುಕ್ಕೆ ಇಟ್ಟು ಬಿಟ್ಟಿದ್ದರು. ಮತ್ತೊಂದು ಮುಗಿದ ಮೇಲೂ ನಡೆದೇ ಇತ್ತು. ಪೇಪರಿನಲ್ಲಿ ಇಂಥ ತಪ್ಪು ದಿನಾ ನೋಡುತ್ತೇನೆ. ಪೊಟ್ಟಣ ಕಟ್ಟುವಾಗ ಕಣ್ಣಿಗೆ ಬೀಳುತ್ತವೆ, ಸಿಟ್ಟೂ ಬರುತ್ತದೆ. ರೊಕ್ಕ ತೆಗೆದುಕೊಂಡು ಛಾಪಿಸುವವರು ಒಮ್ಮೆ ತಿರುಗಿ ಓದಬಾರದೇ ಎಂದು ಗೊಣಗುತ್ತೇನೆ. ಆದರೆ ಪೇಪರಿನ ತಪ್ಪು ಸಂಜೆಯೊಳಗೆ ಜೀರಿಗೆಯ ಜೊತೆ ಯಾರದೋ ಮನೆಗೆ ಹೋಗಿಬಿಡುತ್ತದೆ. ಇದು ದೇವರ ಜಗುಲಿಯ ಮೇಲೆ ಉಳಿಯುವಂಥದ್ದು.

ನಾನು ನಿಂತು ನಿಂತು ಓದುವುದನ್ನು ನೋಡಿ ಪಕ್ಕದ ಮನೆಯಾಕೆ, “ಅಕ್ಕಾ, ಪುರಾಣ ಹೇಳಾಕತ್ತೀದಿಯೋ, ಪರೀಕ್ಷಾ ಪೇಪರ್ ತಿದ್ದಾಕತ್ತೀದಿಯೋ?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರೂ ಮನೆಗೆ ಹೋದ ಮೇಲೆ ಪೀಠ ಮಡಚುವಾಗ ಮಾತ್ರ ಅಳು ತಡೆಯಲಾಗಲಿಲ್ಲ. ಒಂದು ವರ್ಷದಲ್ಲಿ ಅತ್ತೆಗಾಗಿ ಅಷ್ಟು ಅತ್ತಿರಲಿಲ್ಲ.

“ಪೆನ್ಸಿಲ್‌ಲೆ ತಿದ್ಕೋ, ಆಮ್ಯಾಲ ಅಳಿಸಿದ್ರಾಯ್ತು,” ಎಂದರು ಗಂಡ.

“ವಿಭೂತಿ ಹಚ್ಚಿದ್ದಕ್ಕ ಹ್ಯಾಂಗ ಹಚ್ಚಲಿ ಪೆನ್ಸಿಲ್? ನಿಮ್ಮವ್ವ ಇದ್ದಿದ್ರ ಕೈ ಮುರೀತಿದ್ರು.”

“ನಮ್ಮವ್ವ ಇದ್ದಿದ್ರ ನಿನಗ ಓದೋ ಕೆಲಸಾನೇ ಇರ್ತಿರಲಿಲ್ಲ,” ಎಂದು ಅವರು ಅಂಗಡಿಗೆ ಎದ್ದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಫೋನು ಹಿಡಿದು ತಿರುಗಿ ಬಂದರು. ಪುಸ್ತಕದ ಹಿಂದೆ ಇದ್ದ ನಂಬರಿಗೆ ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದಿಟ್ಟರು.

ಛಾಪಿಸಿದವರು ಮರ್ಯಾದಸ್ಥರೇ. “ಕಂಪ್ಯೂಟರ್‌ನಾಗ ಹೊಡಿಯೋ ಮುಂದ ಒಂದೆರಡು ಅಕ್ಷರ ಹಾರ್ತಾವ್ರಿ ಅಕ್ಕಾರ,” ಎಂದರು. “ದೇವರು ನೋಡೋದು ಭಕ್ತಿ. ವ್ಯಾಕರಣ ಅಲ್ರಿ.”

“ದೇವರಿಗೆ ಬ್ಯಾಡ ಬಿಡ್ರಿ ಅಣ್ಣಾರ,” ಎಂದೆ. “ಓದಾಕಿಗೆ ಬೇಕಲ್ಲ. ಹೆಂಗಸು ‘ಬಂದನು’ ಅಂತ ನಾ ಹ್ಯಾಂಗ ಓದಲಿ?”

ಅವರು ನಗಲಿಲ್ಲ. “ಖರೇ ಅದರಿ,” ಎಂದರು. “ಹಳೇ ಛಾಪಾದ್ದು ಒಂದು ಪುಸ್ತಕ ನಮ್ಮ ಹತ್ರಾನೂ ಉಳಿದಿಲ್ರಿ. ನಿಮ್ಮ ಮನ್ಯಾಗ ಇದ್ರ ಕಳಸ್ರಿ. ಅದನ್ನ ನೋಡಿ ಮುಂದಿನ ಸಲ ಸರಿಮಾಡಿ ಹಾಕ್ತೀವಿ. ಆಣಿ ಮಾಡಿ ಹೇಳ್ತೀನಿ.”

ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಫೋನು ಕಟ್ಟಾದ ಮೇಲೆ ಅವರು ಮೆಲ್ಲಗೆ, “ಈಗ ಹೋಗಿ ಅವ್ವನ್ನ ಕೇಳಬೇಕು,” ಎಂದರು. ತಮಾಷೆ ಮಾಡಲು ಹೋಗಿದ್ದರು. ಅದು ತಮಾಷೆ ಆಗಲಿಲ್ಲ.

ಅತ್ತೆಯ ತವರು ದಂಡೋತಿ. ಅವರ ತಮ್ಮನ ಮನೆಯಲ್ಲಿ ಅದೇ ಹಳೆಯ ಛಾಪಾದ ಪುಸ್ತಕ ಒಂದಿರಬೇಕೆಂದು ನೆನಪಾಯಿತು. ಸೋಮವಾರ ಉಪವಾಸವಿತ್ತು. ಆದರೂ ಬಸ್ಸು ಹತ್ತಿದೆ. ಮಳೆ ಬಿಡುವು ಕೊಟ್ಟಿತ್ತು, ಕಿಟಕಿಯ ಬದಿಗೆ ಜಾಗ ಸಿಕ್ಕಿತ್ತು, ಹೊಲಗಳಲ್ಲಿ ತೊಗರಿ ಮೊಳಕಾಲೆತ್ತರ ಬಂದಿತ್ತು. ಇಷ್ಟೆಲ್ಲ ಕೊಟ್ಟವನು ಅದೊಂದು ಪುಸ್ತಕವನ್ನೂ ಕೊಟ್ಟಾನು ಎಂದುಕೊಂಡೆ.

ಗಂಡನ ಸೋದರಮಾವ ಅಟ್ಟದಿಂದ ಗಂಟೊಂದನ್ನು ಇಳಿಸಿ ನನ್ನ ಮುಂದಿಟ್ಟರು. ಪುಸ್ತಕ ಇತ್ತು. ಆದರೆ ಹಿಂದೊಮ್ಮೆ ಕಾಗಿಣಾ ಹೊಳೆ ಊರೊಳಗೆ ಬಂದಾಗ ದೇವರ ಮನೆಯೂ ಮುಳುಗಿತ್ತಂತೆ. ನೀರು ಕುಡಿದು, ಒಣಗಿ, ಇಟ್ಟಂಗಿಯ ಹಾಗೆ ಗಟ್ಟಿಯಾಗಿತ್ತು. ಹಾಳೆಗೆ ಹಾಳೆ ಅಂಟಿ, ಬೆರಳು ಸೇರಿಸಲೂ ಸಂದಿಲ್ಲ. ಬದಿಯಿಂದ ನೋಡಿದರೆ ಅಕ್ಷರಗಳ ಕಪ್ಪು ಗೆರೆ ಮಾತ್ರ ಕಾಣುತ್ತಿತ್ತು.

“ಬಿಸಾಕು ಅಂತಾರ ಹುಡುಗ್ರು,” ಎಂದರು ಮಾವ. “ಹ್ಯಾಂಗ ಬಿಸಾಕಲಿ? ತೆರೀಲಿಕ್ಕೆ ಬರಲ್ಲ ಖರೆ, ಪೂಜಾ ಮಾಡ್ಲಿಕ್ಕಂತೂ ಬರ್ತದಲ್ಲ.”

ನಾನೂ ಅದಕ್ಕೆ ಹಣೆ ಹಚ್ಚಿ ಬಂದೆ. ಬರುವಾಗ ಮಾವ ಉಪವಾಸಕ್ಕೆಂದು ಸಾಬೂದಾಣಿ ಉಪ್ಪಿಟ್ಟು ಕಟ್ಟಿ ಕೊಟ್ಟರು.

ಆಮೇಲೆ ನಾನೊಂದು ದಾರಿ ಮಾಡಿಕೊಂಡೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದಾಗ ಅಂದಿನ ಅಧ್ಯಾಯವನ್ನು ಮೊದಲೇ ಓದಿಕೊಳ್ಳುತ್ತಿದ್ದೆ. ತಪ್ಪು ಬಂದಲ್ಲಿ ಕಣ್ಣು ಮುಚ್ಚುತ್ತಿದ್ದೆ. ಆಗ ಅತ್ತೆಯ ದನಿ ಬರುತ್ತಿತ್ತು. ಕೈಯಲ್ಲಿ ಬೇಳೆ ಆರಿಸುತ್ತಿದ್ದರೂ ಕಿವಿಗೆ ಬಿದ್ದದ್ದು ಬಿದ್ದಿತ್ತು ನೋಡಿ. ಮುರಿದ ವಾಕ್ಯಗಳು ಒಂದೊಂದಾಗಿ ಸೇರಿಕೊಂಡವು. ಕಣ್ಣು ಹೊಸ ಪುಸ್ತಕದ ಮೇಲೆ, ಬಾಯಲ್ಲಿ ಹಳೆಯದು. ಪಕ್ಕದ ಮನೆಯಾಕೆ, “ಈಗ ರೂಢಿ ಆಯ್ತು ನೋಡಕ್ಕ,” ಎಂದಳು. ರೂಢಿಯಲ್ಲ ಅದು. ಆದರೂ ಹೂಂ ಎಂದೆ.

ಶ್ರಾವಣ ಮುಗಿಯುತ್ತ ಬಂದಾಗ ಆ ಅಧ್ಯಾಯ ಬಂತು. ಒಬ್ಬ ಶರಣ ತಾಯಿಯನ್ನು ಬಿಟ್ಟು ಹೊರಡುವ ಕಥೆ. ಅತ್ತೆ ಪ್ರತಿವರ್ಷ ಇಲ್ಲಿಗೆ ಬಂದಾಗ ದನಿ ತಗ್ಗಿಸುತ್ತಿದ್ದರು. ಹೊಸ ಪುಸ್ತಕದಲ್ಲಿ ತಾಯಿ ಹೊಸ್ತಿಲಲ್ಲಿ ನಿಂತು ಮಗನಿಗೆ ಹೀಗೆ ‘ಅಂದನು’ ಎಂದಿತ್ತು. ಅದು ಇರಲಿ, ತಿದ್ದಿಕೊಂಡೇನು. ಆದರೆ ತಾಯಿ ಅಂದದ್ದು ಏನೆಂಬುದೇ ಇಲ್ಲ. ಕೆಳಗಿನ ಸಾಲಿನಲ್ಲಿ ಮಗ ಊರು ದಾಟಿ ಹೋಗಿಬಿಟ್ಟಿದ್ದ. ನಡುವಿನ ಸಾಲುಗಳು ಛಾಪಾದಲ್ಲಿ ಬಿಟ್ಟುಹೋಗಿದ್ದವು.

ಮಧ್ಯಾಹ್ನ ಪೂರ್ತಿ ಕಣ್ಣು ಮುಚ್ಚಿ ಕೂತೆ. ಅತ್ತೆಯ ದನಿ ಬಂತು, ಮಾತು ಬರಲಿಲ್ಲ. ಸಾಬೂನು ಕೇಳಿದವರಿಗೆ ಉಪ್ಪು ಕೊಟ್ಟೆ. “ಏನಪಾ ಶಿವನೇ, ಅದೊಂದು ಮಾತು ಕೊಡು,” ಎಂದು ಬೇಡಿಕೊಂಡೆ. ಕೊಡಲಿಲ್ಲ.

ಸಂಜೆ ಪಡಸಾಲೆ ತುಂಬಿತ್ತು. ಓದುತ್ತ ಆ ಜಾಗಕ್ಕೆ ಬಂದೆ. “ತಾಯಿ ಹೊಸ್ತಿಲಲ್ಲಿ ನಿಂತು ಮಗನಿಗೆ ಹೀಗೆ ಅಂದಳು,” ಎಂದು ಓದಿ ನಿಂತೆ. ಎಲ್ಲರೂ ನನ್ನ ಕಡೆ ನೋಡಿದರು.

“ಇಲ್ಲಿ ಬಿಟ್ಟಾರ,” ಎಂದೆ. “ಏನಂದಳು ಅನ್ನೋದೇ ಇಲ್ಲ. ಅತ್ತಿ ಓದೂದು ಯಾರಿಗರೆ ನೆನಪದ ಏನು?”

“ಹೋಗಿ ಬಾ ಮಗನ ಅಂದಿರಬೇಕು,” ಎಂದಳು ಒಬ್ಬಳು.

“ಇಲ್ಲ, ಉಂಡು ಹೋಗು ಅಂದ್ಳು,” ಎಂದಳು ಪಕ್ಕದ ಮನೆಯಾಕೆ.

“ನಿನಗ ಉಣ್ಣೂದೊಂದೇ ನೆನಪು,” ಎಂದು ಮತ್ತೊಬ್ಬಳು ಚುಚ್ಚಿದಳು. ಸ್ವಲ್ಪ ನಗು ಬಂತು, ನಿಂತಿತು. ಅಷ್ಟು ವರ್ಷ ಅಷ್ಟು ಜನ ಕೂತು ಕೇಳಿದ ಮಾತು, ಒಬ್ಬರಲ್ಲೂ ಉಳಿದಿರಲಿಲ್ಲ. ಅದು ಅತ್ತೆಯಲ್ಲಿತ್ತು, ಅವರ ತೊಡೆಯ ಬದಿಯ ಪುಸ್ತಕದಲ್ಲಿತ್ತು.

ಆಗ ಎದುರು ಮನೆಯ ದೊಡ್ಡವ್ವ ಮುಂದಕ್ಕೆ ಸರಿದಳು. ಅತ್ತೆಯ ಓರಗೆಯವಳು. ಕಿವಿ ಮಂದವಾಗಿ ಬಹಳ ವರ್ಷವಾಯಿತು. ಆದರೂ ಒಂದು ಸಂಜೆಯನ್ನೂ ತಪ್ಪಿಸಿದವಳಲ್ಲ.

“ಯಾಕ ನಿಂತೀ?” ಎಂದಳು. ಪಕ್ಕದವಳು ಅವಳ ಕಿವಿಯಲ್ಲಿ ಜೋರಾಗಿ ವಿಷಯ ಹೇಳಿದಳು.

“ಏನಂದ್ಳೋ ಏನೋ, ನನಗೆಲ್ಲಿ ಕೇಳಸ್ತಿತ್ತವ್ವ,” ಎಂದಳು ದೊಡ್ಡವ್ವ. “ನಾ ನಿಮ್ಮತ್ತಿ ಮಾರಿ ನೋಡ್ಕೋತ ಕೂಡ್ತಿದ್ದೆ. ಈ ಕಥಿ ಬಂದಾಗ ಆಕಿ ಚಾಳೀಸ ತೆಗೆದು ಸೆರಗಿಲೆ ಒರಸ್ತಿದ್ಲು. ನೀ ಇನ್ನಾ ಒರಸೇ ಇಲ್ಲಲ್ಲ.”

ಹೌದು, ಒರೆಸುತ್ತಿದ್ದರು. ಅಷ್ಟು ಹೊತ್ತು ಓದು ನಿಲ್ಲುತ್ತಿತ್ತು, ಪಡಸಾಲೆಯಲ್ಲಿ ಯಾರೂ ಮಿಸುಕುತ್ತಿರಲಿಲ್ಲ. ಬಾಗಿಲಲ್ಲಿ ನನ್ನ ಕೈಯ ಬೇಳೆಯೂ ನಿಲ್ಲುತ್ತಿತ್ತು.

ನಾನು ನನ್ನ ಕನ್ನಡಕ ತೆಗೆದೆ. ಸೆರಗಿನಿಂದ ಒರೆಸಿದೆ. ಅದು ಒದ್ದೆಯಾಗಿತ್ತು, ಒರೆಸಲು ಹೊತ್ತು ಹಿಡಿಯಿತು. ದೊಡ್ಡವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ತಲೆ ಆಡಿಸಿ ಹಿಂದಕ್ಕೆ ಗೋಡೆಗೆ ಒರಗಿದಳು.

ಕನ್ನಡಕ ಹಾಕಿಕೊಂಡೆ. ಹೊಸ ಛಾಪಾ, ಅಕ್ಷರ ದೊಡ್ಡವು, ಚೆನ್ನಾಗಿ ಕಾಣುತ್ತಿದ್ದವು. ಮಗ ಊರು ದಾಟಿದ ಸಾಲಿನಿಂದ ಮುಂದಕ್ಕೆ ಓದಿದೆ.